ಪುಷ್ಕರಣಿಗೆ ಬೆಳಕು ಬೀಳುವ ಹೊತ್ತು

ಕೊಪ್ಪಳ: ಇಟಗಿಯ ಮಹಾದೇವ ದೇವಾಲಯಕ್ಕೆ ಬರುವವರ ಕ್ಯಾಮೆರಾಗಳು ಮೊದಲು ತಿರುಗುವುದು ಶಿಖರದತ್ತ. ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ.ಶ. 1112ರಲ್ಲಿ ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಗುಡಿಯಿದು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಗುಡಿಯ ಬಳಿಯ ಪುಷ್ಕರಣಿಗೆ ಹೆಚ್ಚೆಂದರೆ ಒಂದು ಕ್ಲಿಕ್ಕಿನ ಭಾಗ್ಯ.

ಪುಷ್ಕರಣಿಯು ನೆಲದಿಂದ ಕೆಳಕ್ಕೆ ಇಳಿಯುವ ಕಟ್ಟಡ. ಶಿಲ್ಪಗಳಿಗೆ ಒಪ್ಪುವ ಮುಂಜಾನೆಯ ಓರೆ ಬಿಸಿಲು ಇಲ್ಲಿ ಒಂದು ಬದಿಯನ್ನು ಬೆಳಗಿ, ಎದುರು ಬದಿಯನ್ನು ಕತ್ತಲಿಗೆ ತಳ್ಳುತ್ತದೆ. ಅಂದದ ಚಿತ್ರಕ್ಕೆ ಅದು ಸಾಕು; ದಾಖಲೆಗೆ ಸಾಲದು. ತೆಳುಮೋಡ ಕವಿದ ದಿನ ಎಲ್ಲ ಮೆಟ್ಟಿಲುಗಳೂ ಸಮನಾಗಿ ಕಾಣುತ್ತವೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಮುಳುಗಿದ್ದ ಸಾಲುಗಳೂ ದೊರೆಯುತ್ತವೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು.

ದಾಖಲೆ ಏಕೆಂಬುದಕ್ಕೆ ಉತ್ತರ ತುಂಗಭದ್ರೆಯ ಆಚೆ ದಡದಲ್ಲಿದೆ. ಹಂಪಿಯ ಮಹಾನವಮಿ ದಿಬ್ಬದ ಸಮೀಪ 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಮೆಟ್ಟಿಲುಕೊಳದ ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಸೂಚಿಸುವ ಗುರುತುಗಳಿವೆ. ದೂರದ ನೋಟದಲ್ಲಿ ಅವು ಸಿಗವು. ಕಲ್ಲೊಂದು ಜಾರಿ, ಗುರುತೂ ಸವೆದರೆ, ದಿನಾಂಕ ಬರೆದಿಟ್ಟ ಹತ್ತಿರದ ಚಿತ್ರವೇ ಅದರ ಜಾಗವನ್ನು ಹೇಳಬೇಕು. ಇಟಗಿಯ ಮೆಟ್ಟಿಲುಗಳಿಗೂ ಇದೇ ಮಾತು.

ಗಂಗಾವತಿ ತಾಲ್ಲೂಕಿನ ಪಂಪಾ ಸರೋವರದ ಸಂಗತಿ ಬೇರೆ. ಅದು ಇಂದಿಗೂ ಭಕ್ತರು ಬರುವ ತೀರ್ಥ. ಅಲ್ಲಿ ಬೆಳಕಿಗಿಂತ ಮೊದಲು ದಡದಲ್ಲಿರುವವರ ಒಪ್ಪಿಗೆ ಪಡೆಯಬೇಕು.