ಹುಲ್ಲಿನ ಸೂರು, ಮುಯ್ಯಾಳಿನ ಋಣ

ಜಪಾನಿನ ಗಿಫು ಪ್ರಾಂತ್ಯದ ಶಿರಕಾವಾ ಗ್ರಾಮದಲ್ಲಿ ಒಗಿಮಾಚಿ ಎಂಬ ಪುಟ್ಟ ಊರಿದೆ. ಅಲ್ಲಿನ ರೈತರ ಮನೆಗಳ ಹುಲ್ಲಿನ ಚಾವಣಿ ಕೈಮುಗಿದ ಆಕಾರದಲ್ಲಿ ಕಡಿದಾಗಿ ಮೇಲೇರುತ್ತದೆ. ಚಳಿಗಾಲದ ಭಾರಿ ಹಿಮ ಜಾರಿಬೀಳಲೆಂದೇ ಈ ಇಳಿಜಾರು. ಚಾವಣಿಯ ಮರಗಳನ್ನು ಬಿಗಿದಿರುವುದು ಮೊಳೆಯಿಂದಲ್ಲ, ಹಗ್ಗ ಮತ್ತು ಹಸಿ ಕೊಂಬೆಗಳಿಂದ. ಹಿಂದೆ ಕೆಳಗೆ ಸಂಸಾರ, ಅಟ್ಟದಲ್ಲಿ ರೇಷ್ಮೆಹುಳು, ನೆಲದಡಿಯ ಮಣ್ಣಿನಲ್ಲಿ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು. ಮನೆಯೇ ಕಾರ್ಖಾನೆ.

ಊರಿನ ಅತಿ ದೊಡ್ಡ ಮನೆ ವಾಡಾ ಕುಟುಂಬದ್ದು. 1995ರಲ್ಲಿ ಅದು ರಾಷ್ಟ್ರದ ಪ್ರಮುಖ ಸಾಂಸ್ಕೃತಿಕ ಆಸ್ತಿಯಾಯಿತು. ಅದೇ ವರ್ಷ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂದು ಭಾಗವನ್ನು ಪ್ರವಾಸಿಗರಿಗೆ ತೆರೆದಿಟ್ಟು ಕುಟುಂಬ ಅಲ್ಲಿಯೇ ಬಾಳುತ್ತ ಬಂದಿದೆ. ಇಂಥ ಮನೆಗಳಲ್ಲಿ ವಾಸವೇ ಸಂರಕ್ಷಣೆ: ನಡುಮನೆಯ ಒಲೆಯ ಹೊಗೆ ಹುಲ್ಲಿಗೂ ಹಗ್ಗಕ್ಕೂ ಹುಳು ಹತ್ತದಂತೆ ಕಾಯುತ್ತದೆ.

ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಬದಲಿಸಬೇಕು. ಒಂದು ಕುಟುಂಬದಿಂದ ಆಗುವ ಕೆಲಸವಲ್ಲ. ನೂರಕ್ಕೂ ಹೆಚ್ಚು ಜನ ಚಾವಣಿಯೇರುತ್ತಾರೆ. ಇದಕ್ಕೆ ಅಲ್ಲಿ 'ಯುಯಿ' ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ ಅದು: ಕೂಲಿಯಿಲ್ಲ, ಋಣವುಂಟು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲೊಂದು ತೊಡಕು ಕಾಣುತ್ತದೆ. ನೆರೆಯವನ ಮನೆಗೆ ಹುಲ್ಲಿನ ಸೂರೇ ಇಲ್ಲದಿದ್ದರೆ ಮುಯ್ಯಿ ತೀರಿಸುವುದು ಹೇಗೆ? ಈಗ ಸರ್ಕಾರ ಅನುದಾನ ನೀಡುತ್ತದೆ, ಬಹಳಷ್ಟು ಕೆಲಸ ಗುತ್ತಿಗೆದಾರರದ್ದು. ಅನುದಾನ ಹುಲ್ಲು ತರಿಸಬಲ್ಲದು, ನೆರೆಯವರನ್ನಲ್ಲ.

1971ರಲ್ಲಿ ಊರವರು ತಮಗೆ ತಾವೇ ಕಟ್ಟುಪಾಡು ವಿಧಿಸಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸ್ವಂತ ಆಸ್ತಿಯ ಮೇಲಿನ ಹಕ್ಕನ್ನು ಹೀಗೆ ಮೊಟಕುಗೊಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಕಾನೂನು ಹೇರಿದ್ದರೆ ಜನ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದರೆಂಬುದು ನನ್ನ ಸೇವಾವಧಿಯ ಅನುಭವ.

ಮಲೆನಾಡಿನ ನಮ್ಮ ತೊಟ್ಟಿಮನೆಗೆ ಅಂಥ ಕಟ್ಟುಪಾಡಿರಲಿಲ್ಲ. ಅಣ್ಣತಮ್ಮಂದಿರು ನಾಲ್ವರೂ ಪಟ್ಟಣ ಸೇರಿದ್ದೆವು. ಹೆಂಚು ಕೈಯಾಡಿಸುವವರೂ ಇರಲಿಲ್ಲ. ಪಾಲುಪಟ್ಟಿಗೆ ನಾನೂ ಸಹಿ ಹಾಕಿದೆ. ಮರಮುಟ್ಟು ಬಿಡಿಬಿಡಿಯಾಗಿ ಮಾರಾಟವಾಯಿತು. ಕೆಲವು ವರ್ಷಗಳ ಬಳಿಕ ಬೆಂಗಳೂರಿನ ಹೋಟೆಲೊಂದರ ಹಜಾರದಲ್ಲಿ ಮೆರುಗೆಣ್ಣೆ ಬಳಿದ ಕಂಬವೊಂದನ್ನು ಕಂಡೆ. ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದ ಕಂಬ. ಹಗ್ಗ ಉಜ್ಜಿ ಸವೆದ ಗುರುತು ಸೊಂಟದೆತ್ತರದಲ್ಲಿ ಹಾಗೆಯೇ ಇತ್ತು.