ಜ್ಞಾನಭಾಂಡಾರದ ಬೀಗದ ಕೈ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವಿದ್ಯೆಯ ವಿಷಯದಲ್ಲಿಯೂ ಅದು ನಿಜವೆಂಬುದು ನನಗೆ ಮನವರಿಕೆಯಾದದ್ದು ಈ ವರುಷ.

ನನ್ನ ಅಜ್ಜ ಅಕ್ಷರ ಬಲ್ಲವರಲ್ಲ. ಆದರೆ ಶ್ರೀಕೃಷ್ಣ ಪಾರಿಜಾತದ ಹಾಡುಗಳು ಅವರಿಗೆ ಬಾಯಿಪಾಠ. ಆ ಆಟವನ್ನು ಬೆಳೆಸಿದ ತಮ್ಮಣ್ಣನ ಕುಲಗೋಡವು ಈಗಿನ ಮೂಡಲಗಿ ತಾಲೂಕಿನಲ್ಲಿದೆ. ನಾನು ಚಿಕ್ಕವನಿದ್ದಾಗ ಸಂಶೋಧಕರೊಬ್ಬರು ನಮ್ಮ ಮನೆಗೆ ಬಂದು, ಎರಡು ದಿನ ಕುಳಿತು ಅಜ್ಜನ ಹಾಡುಗಳನ್ನು ಬರೆದುಕೊಂಡು ಹೋದರು. ಆ ಬರಹವೇನಾಯಿತೆಂದು ಅಜ್ಜ ಇಂದಿಗೂ ಕೇಳುತ್ತಾರೆ.

ಇಂಥ ವಿಷಯವು ಅಲ್ಪವಾದುದಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಆದರೆ ಹಿಂದೆ ಇಂಥ ಮಹಾಪ್ರಬಂಧವನ್ನು ನೋಡಬೇಕಾದರೆ ಗೋಕಾಕದ ವಿದ್ಯಾರ್ಥಿಯು ಧಾರವಾಡಕ್ಕೆ ಹೋಗಿ ಅನುಮತಿ ಬೇಡಬೇಕಾಗಿತ್ತು.

ವಿದ್ವತ್ಪತ್ರಿಕೆಗಳ ಕಥೆ ಇನ್ನೂ ವಿಚಿತ್ರವಾದುದು. ಸಂಶೋಧಕನು ಲೇಖನ ಬರೆಯುವನು. ಆ ವಿಷಯವನ್ನು ಬಲ್ಲ ಇತರ ಪಂಡಿತರು ಅದನ್ನು ಪರೀಕ್ಷಿಸುವರು. ಇವರಾರಿಗೂ ಪ್ರಕಾಶಕರು ಸಾಮಾನ್ಯವಾಗಿ ಸಂಭಾವನೆ ಕೊಡುವುದಿಲ್ಲ. ಅವರ ಸಂಬಳ ಬಹುಮಟ್ಟಿಗೆ ಸಾರ್ವಜನಿಕರ ಹಣ. ಅದೇ ಲೇಖನವನ್ನು ಓದಲು ಗ್ರಂಥಾಲಯವು ಮತ್ತೆ ಚಂದಾ ತೆರಬೇಕು! ಜೋಳ ಬೆಳೆದ ರೈತನು ತನ್ನ ಹಗೇವಿನ ಕಾಳನ್ನೇ ಕೊಂಡು ತಿಂದಂತಾಯಿತು.

ಈ ಬೀಗವನ್ನು ತೆಗೆಯುವ ಪ್ರಯತ್ನವೇ ಮುಕ್ತ ಪ್ರವೇಶ. ಓದುಗನಿಂದ ಹಣ ಪಡೆಯದೆ ಸಂಶೋಧನೆಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡಬೇಕೆಂದು 2002ರಲ್ಲಿ ಬುಡಾಪೆಸ್ಟ್ ಘೋಷಣೆಯು ಸಾರಿತು. ಅದೇ ವರುಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ವಿದ್ವಾಂಸರ ಲೇಖನಗಳಿಗಾಗಿ ಇಂಥ ಭಾಂಡಾರವನ್ನು ತೆರೆಯಿತು. ಪಿಎಚ್.ಡಿ. ಪ್ರಬಂಧಗಳ ಗಣಕ ಪ್ರತಿಯನ್ನು ಒಪ್ಪಿಸಬೇಕೆಂದು ಯು.ಜಿ.ಸಿ. 2009ರಲ್ಲಿ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ಶೋಧಗಂಗಾ’ದಲ್ಲಿ ಅಂಥ ಲಕ್ಷಗಟ್ಟಲೆ ಪ್ರಬಂಧಗಳನ್ನು ಯಾರಾದರೂ ಓದಬಹುದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಮುಕ್ತ ಪ್ರವೇಶವಲ್ಲ. ಪರೀಕ್ಷೆ ಮುಗಿದು ನಾನು ಗ್ರಂಥಾಲಯದ ಕಾರ್ಡನ್ನು ಮರಳಿಸಿದ ದಿನ ಆ ಬಾಗಿಲು ನನಗೆ ಮುಚ್ಚುವುದು. ಅಜ್ಜನಿಗಂತೂ ಅದು ತೆರೆದೇ ಇರಲಿಲ್ಲ. ಶೋಧಗಂಗಾದ ಬಾಗಿಲು ಮಾತ್ರ ನಮ್ಮಿಬ್ಬರಿಗೂ ತೆರೆದಿರುವುದು.

ಅಲ್ಲಿ ಬಯಲಾಟವನ್ನು ಕುರಿತ ಒಂದು ಪ್ರಬಂಧವನ್ನು ಅಜ್ಜನಿಗೆ ಓದಿ ಹೇಳಿದೆನು. ಹಾಡಿನ ಒಂದು ಸಾಲು ತಪ್ಪಾಗಿದೆಯೆಂದು ಅವರು ತಿದ್ದಿದರು! ಬೀಗ ಹಾಕಿದ ಪುಸ್ತಕವನ್ನು ತಿದ್ದುವವರಾರು? ನಮ್ಮ ಮನೆಗೆ ಬಂದವರ ಪ್ರಬಂಧವು ಮಾತ್ರ ನನಗೆ ಇನ್ನೂ ದೊರೆತಿಲ್ಲ. ಹಲವು ಕನ್ನಡ ಪುಟಗಳು ಬರಿಯ ಚಿತ್ರರೂಪದಲ್ಲಿರುವುದರಿಂದ ಪದ ಕೊಟ್ಟು ಹುಡುಕಲು ಬರುವುದಿಲ್ಲ.

ಮಿತ್ರರೇ, ಗುರುಗಳೇ, ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳೂ ಕಪಾಟಿನಲ್ಲಿಯೇ ಇವೆ. ಬರೆದವರ ಒಪ್ಪಿಗೆ ಪಡೆದು ಅವನ್ನು ಅಂತರ್ಜಾಲದಲ್ಲಿ ತೆರೆದಿಡೋಣ. ಆ ಒಂದು ಬೀಗದ ಕೈಯಾದರೂ ನಮ್ಮ ಕೈಯಲ್ಲಿಯೇ ಇದೆಯಲ್ಲವೇ?