ಚೈಲ್ಡ್ ಥೀಮ್ (ವರ್ಡ್‌ಪ್ರೆಸ್)

ಚೈಲ್ಡ್ ಥೀಮ್ ಎಂಬುದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಮತ್ತೊಂದು ಥೀಮಿನ ವಿನ್ಯಾಸ ಹಾಗೂ ಕಾರ್ಯಗಳನ್ನು ಆನುವಂಶಿಕವಾಗಿ ಪಡೆದು, ಬೇಕಾದ ಅಂಶಗಳನ್ನು ಮಾತ್ರ ಬದಲಿಸುವ ಥೀಮ್. ಅದಕ್ಕೆ ಆಧಾರವಾಗಿರುವ ಥೀಮನ್ನು ಪೇರೆಂಟ್ ಥೀಮ್ ಎಂದು ಕರೆಯುತ್ತಾರೆ. ವರ್ಡ್‌ಪ್ರೆಸ್ 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅವರು ಆರಂಭಿಸಿದ, ಜಾಲತಾಣಗಳನ್ನು ನಿರ್ಮಿಸಲು ಬಳಸುವ ಮುಕ್ತ ತಂತ್ರಾಂಶ.

ಅಗತ್ಯ

ಥೀಮನ್ನು ನವೀಕರಿಸಿದಾಗ ಅದರ ಹಳೆಯ ಫೋಲ್ಡರಿನ ಸ್ಥಾನದಲ್ಲಿ ಹೊಸದು ಬರುತ್ತದೆ. ಆದ್ದರಿಂದ ಅದರ ಕಡತಗಳಲ್ಲಿ ನೇರವಾಗಿ ಮಾಡಿದ ತಿದ್ದುಪಡಿಗಳು ಅಳಿಸಿಹೋಗುತ್ತವೆ. ತಿದ್ದುಪಡಿಗಳನ್ನು ಉಳಿಸಿಕೊಳ್ಳಲು ನವೀಕರಣವನ್ನೇ ನಿಲ್ಲಿಸಿದರೆ, ಥೀಮಿನ ಸುರಕ್ಷತಾ ಲೋಪಗಳು ಸರಿಯಾಗದೆ ಉಳಿಯುತ್ತವೆ. ಚೈಲ್ಡ್ ಥೀಮ್ ಪ್ರತ್ಯೇಕ ಫೋಲ್ಡರಿನಲ್ಲಿ ಇರುವುದರಿಂದ ಪೇರೆಂಟ್ ಥೀಮಿನ ನವೀಕರಣವು ಅದನ್ನು ಮುಟ್ಟುವುದಿಲ್ಲ.

ರಚನೆ

ಚೈಲ್ಡ್ ಥೀಮಿನ 'ಸ್ಟೈಲ್.ಸಿಎಸ್ಎಸ್' ಕಡತದ ಆರಂಭದ ಟಿಪ್ಪಣಿಯಲ್ಲಿ ಥೀಮಿನ ಹೆಸರನ್ನೂ, 'ಟೆಂಪ್ಲೇಟ್' ಎಂಬ ಸಾಲಿನಲ್ಲಿ ಪೇರೆಂಟ್ ಥೀಮಿನ ಫೋಲ್ಡರಿನ ಹೆಸರನ್ನೂ ಬರೆಯಬೇಕು. ಪರದೆಯ ಮೇಲೆ ಕಾಣುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಉದಾಹರಣೆಗೆ, 'ಟ್ವೆಂಟಿ ಟ್ವೆಂಟಿ-ಒನ್' ಥೀಮಿನ ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಾಗಲಿ ಅಡ್ಡಗೆರೆಯಾಗಲಿ ಇಲ್ಲ. ಎರಡೂ ಥೀಮ್‌ಗಳನ್ನು ಸ್ಥಾಪಿಸಿ, ಚೈಲ್ಡ್ ಥೀಮನ್ನು ಮಾತ್ರ ಸಕ್ರಿಯಗೊಳಿಸಬೇಕು.

ಬದಲಾವಣೆಯ ನಿಯಮಗಳು

ಕಡತದ ಬಗೆಗೆ ತಕ್ಕಂತೆ ನಿಯಮಗಳು ಬೇರೆಯಾಗಿವೆ.

• ಟೆಂಪ್ಲೇಟ್ ಕಡತಗಳು: ಒಂದೇ ಹೆಸರಿನ ಕಡತ ಎರಡರಲ್ಲಿಯೂ ಇದ್ದರೆ ಚೈಲ್ಡ್ ಥೀಮಿನದನ್ನೇ ಬಳಸಲಾಗುತ್ತದೆ. ಹೀಗೆ ನಕಲು ಮಾಡಿಕೊಂಡ ಕಡತಕ್ಕೆ ಪೇರೆಂಟ್ ಥೀಮಿನ ಮುಂದಿನ ಸುಧಾರಣೆಗಳು ತಲುಪುವುದಿಲ್ಲ. ಆದಕಾರಣ ಅಗತ್ಯವಾದ ಕಡತಗಳನ್ನು ಮಾತ್ರ ನಕಲಿಸುವುದು ಉಚಿತ.
• ಫಂಕ್ಷನ್ಸ್.ಪಿಎಚ್‌ಪಿ: ಎರಡೂ ಕಡತಗಳು ಕಾರ್ಯನಿರ್ವಹಿಸುತ್ತವೆ. ಚೈಲ್ಡ್ ಥೀಮಿನದು ಮೊದಲು ತೆರೆಯುತ್ತದೆ.
• ಶೈಲಿ ಕಡತಗಳು: ಇಲ್ಲಿ ಸಿಎಸ್ಎಸ್ ಭಾಷೆಯ ನಿಯಮಗಳೇ ಅನ್ವಯಿಸುತ್ತವೆ. ಎರಡು ಸೆಲೆಕ್ಟರ್‌ಗಳ ನಿರ್ದಿಷ್ಟತೆ ಸಮನಾಗಿದ್ದರೆ ನಂತರ ಬಂದ ಶೈಲಿ ಗೆಲ್ಲುತ್ತದೆ. ಆದ್ದರಿಂದ ಚೈಲ್ಡ್ ಥೀಮಿನ ಶೈಲಿಯನ್ನು ಪೇರೆಂಟ್ ಥೀಮಿನ ಶೈಲಿಯ ನಂತರ ಸೇರಿಸಬೇಕು. ಪೇರೆಂಟ್ ಥೀಮಿನ ಸೆಲೆಕ್ಟರ್ ಹೆಚ್ಚು ನಿರ್ದಿಷ್ಟವಾಗಿದ್ದರೆ ಕ್ರಮವೊಂದೇ ಸಾಲದು.
• ಥೀಮ್.ಜೇಸನ್: 2021ರ 5.8ನೆಯ ಆವೃತ್ತಿಯಲ್ಲಿ ಬಂದ ಈ ಕಡತದಲ್ಲಿ ಬಣ್ಣ, ಅಕ್ಷರಗಾತ್ರ ಮೊದಲಾದವನ್ನು ನಿಗದಿಪಡಿಸಬಹುದು. ಎರಡೂ ಥೀಮ್‌ಗಳ ಮೌಲ್ಯಗಳು ಬೆರೆಯುತ್ತವೆ. ಚೈಲ್ಡ್ ಥೀಮ್ ಹೇಳದಿರುವ ಮೌಲ್ಯಗಳು ಪೇರೆಂಟ್ ಥೀಮಿನಿಂದ ಬರುತ್ತವೆ.

ಮಿತಿಗಳು

ಚೈಲ್ಡ್ ಥೀಮಿಗೆ ಮತ್ತೊಂದು ಚೈಲ್ಡ್ ಥೀಮನ್ನು ರಚಿಸಲು ವರ್ಡ್‌ಪ್ರೆಸ್‌ನಲ್ಲಿ ಅವಕಾಶವಿಲ್ಲ. ಒಂದೆರಡು ಶೈಲಿಗಳನ್ನಷ್ಟೇ ಬದಲಿಸಬೇಕಾದಾಗ 'ಹೆಚ್ಚುವರಿ ಸಿಎಸ್ಎಸ್' ಸೌಲಭ್ಯವೇ ಸಾಕಾಗುತ್ತದೆ. ಅಲ್ಲಿ ಬರೆದದ್ದು ದತ್ತಸಂಚಯದಲ್ಲಿ ಸಂಗ್ರಹವಾಗುವುದರಿಂದ ಥೀಮನ್ನು ನವೀಕರಿಸಿದರೂ ಉಳಿಯುತ್ತದೆ.